ಅಂಚಿನ ಮೇಲಿದ್ದ ಹೆಸರು

ನಾನು ಒಂದು ಯುದ್ಧಪದಕ. ಸುಮ್ಮನೆ ಕೂರುವ ಜಾತಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆತ್ತಿಯ ಮೇಲೆ ಒಂದು ಕೊಂಡಿ ಇದೆ, ಆ ಕೊಂಡಿ ತಿರುಗುತ್ತದೆ. ನನ್ನನ್ನು ತೊಟ್ಟವನು ಉಸಿರು ಜೋರಾಗಿ ಬಿಟ್ಟರೂ ಸಾಕು, ಒಮ್ಮೆ ಮುಖ ತೋರಿಸುತ್ತೇನೆ, ಒಮ್ಮೆ ಬೆನ್ನು. ಮುಖದಲ್ಲಿ ರಾಣಿ ವಿಕ್ಟೋರಿಯಾಳ ತಲೆ. ಬೆನ್ನಲ್ಲಿ ರೆಕ್ಕೆಯ ಹೆಣ್ಣೊಬ್ಬಳು ಕೂತ ಯೋಧನ ತಲೆಗೆ ಎಲೆಯ ಕಿರೀಟ ಇಡುತ್ತಿದ್ದಾಳೆ. ನೂರಾ ಮೂವತ್ತು ವರ್ಷದ ಮೇಲಾಯಿತು, ಪುಣ್ಯಾತ್ಗಿತ್ತಿ ಇನ್ನೂ ಇಡುತ್ತಲೇ ಇದ್ದಾಳೆ.

ನಾನು ಹುಟ್ಟಿದ್ದು ಟಂಕಸಾಲೆಯಲ್ಲಿ. ಬೆಳ್ಳಿಯನ್ನು ಕಾಯಿಸಿ, ಹಪ್ಪಳದ ಹಾಗೆ ಲಟ್ಟಿಸಿ, ದುಂಡಗೆ ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಒಂದೇ ಏಟು ಹಾಕಿದರು. ನೋವಾಯಿತೇ ಎಂದು ಕೇಳಬೇಡಿ. ಆಯಿತು. ಆದರೆ ಏಟು ತಿಂದವರು ಸಾವಿರಾರು ಜನ ಇದ್ದೆವು, ಎಲ್ಲರದೂ ಒಂದೇ ಮುಖ, ಒಂದೇ ಬೆನ್ನು. ಇದರಲ್ಲಿ ನಾನು ಯಾರು ಎಂದು ನನಗೇ ದಿಗಿಲಾಗಿತ್ತು. ಆಮೇಲೆ ಇನ್ನೊಬ್ಬ ಕೆಲಸಗಾರ ಬಂದು ನನ್ನನ್ನು ಅಡ್ಡ ನಿಲ್ಲಿಸಿ, ಅಂಚಿನ ಸುತ್ತ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ ಕೂರಿಸಿದ. ಒಂದು ನಂಬರು, ಸಿಪಾಯಿ ಎನ್ನುವ ಮಾತು, ಬೋಸಯ್ಯ ಎನ್ನುವ ಹೆಸರು, ಒಂದು ಮದ್ರಾಸು ಪಲ್ಟಣದ ಗುರುತು. ಅಷ್ಟು ಹೊತ್ತಿಗೆ ನನಗೆ ಜೀವ ಬಂತು. ಅಬ್ಬಾ, ನಾನು ಬರಿ ಬೆಳ್ಳಿಯಲ್ಲ, ನಾನು ಬೋಸಯ್ಯನವನು ಎಂದು ಬೀಗಿದೆ. ಕೆಂಪು ಪಟ್ಟಿಯ ಮೇಲೆ ಎರಡು ನೀಲಿ ಗೆರೆಯ ರಿಬ್ಬನ್ನು ಏರಿಸಿದರು, ಕೆಳಗೆ 'ಬರ್ಮಾ' ಎಂದು ಬರೆದ ಬೆಳ್ಳಿಯ ಅಡ್ಡಪಟ್ಟಿ ಸಿಕ್ಕಿಸಿದರು.

ಬಳ್ಳಾರಿಯ ಬಂಡೆಗುಡ್ಡದ ಕೆಳಗಿನ ಮೈದಾನದಲ್ಲಿ ಕರ್ನಲ್ ಸಾಹೇಬರು ನನ್ನನ್ನು ಬೋಸಯ್ಯನ ಎದೆಗೆ ಚುಚ್ಚಿದರು. ಉದ್ದನೆಯ ಆಳು. ಗಿರಿಜಾಮೀಸೆ. ಬರ್ಮಾದ ಜ್ವರ ಹತ್ತಿ ಇಳಿದು ಮುಖವೆಲ್ಲ ಹಳದಿಯಾಗಿತ್ತು, ಮೈಯಿಂದ ಕ್ವಿನೈನಿನ ಕಹಿ ವಾಸನೆ ಬರುತ್ತಿತ್ತು. ಸಾಲು ಚದುರಿದ್ದೇ ತಡ, ಅವನು ಪಲ್ಟಣದ ಮುನ್ಷಿಯ ಹತ್ತಿರ ಓಡಿದ.

"ಮುನ್ಷಿಗಳೇ, ಈ ಅಂಚಿನಾಗೆ ಏನು ಬರ್ದೈತೆ?"

"ನಿನ್ನ ಹೆಸರಪ್ಪಾ."

"ಇನ್ನೊಂದು ಕಿತ ಓದ್ರಿ."

ಮುನ್ಷಿ ಓದಿದ. ಮತ್ತೊಂದು ಸಲ ಓದು ಅಂದ, ಅದಕ್ಕೂ ಓದಿದ. ನಾಲ್ಕನೆಯ ಸಲ ಕೇಳಿದಾಗ ಮುನ್ಷಿ, "ಲೇ ಮಾರಾಯ, ಓದಿ ಓದಿ ಸವೆದು ಹೋದಾವು" ಎಂದು ಅಟ್ಟಿದ. ಅವತ್ತಿನಿಂದ ಬೋಸಯ್ಯ ಹೆಬ್ಬೆರಳಿನ ಉಗುರಿನಲ್ಲಿ ಆ ಅಕ್ಷರಗಳನ್ನು ತಡವಿ ತಡವಿ ಕಲಿತ. ಕಣ್ಣಿಗೆ ಓದಲು ಬಾರದವನು ಉಗುರಿನಿಂದ ಓದುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ನಾನು ಯುದ್ಧ ನೋಡಿಲ್ಲ. ಪದಕಗಳು ಹುಟ್ಟುವುದೇ ಎಲ್ಲ ಮುಗಿದ ಮೇಲೆ. ಬೋಸಯ್ಯ ಬ್ಯಾರಕ್ಕಿನಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ, ಅಷ್ಟೆ. ಹಡಗಿನಲ್ಲಿ ನಾಲ್ಕು ದಿನ ಕರುಳು ಕಿತ್ತು ಬರುವ ಹಾಗೆ ವಾಂತಿ. ಆಮೇಲೆ ಉಗಿದೋಣಿಯಲ್ಲಿ ಐರಾವತಿ ಹೊಳೆಯ ಮೇಲೆ ಪಯಣ. ಹದಿನೈದು ದಿನದಲ್ಲಿ ಬರ್ಮಾದ ರಾಜನನ್ನು ಹಿಡಿದು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಯುದ್ಧ ಮುಗಿಯಿತಲ್ಲ ಎಂದುಕೊಂಡರೆ, ಅಲ್ಲಿಂದಾಚೆಗೇ ಕಾಡಿನಲ್ಲಿ ಎರಡು ವರ್ಷದ ಅಲೆದಾಟ. ತಂತಿಕಂಬ ಕಾಯುವುದು, ಜಿಗಣೆ ಕೀಳುವುದು, ಬಂಡಾಯದವರನ್ನು ಅಟ್ಟುವುದು. ಕೇಳುವವರು ಸಿಕ್ಕರೆ ಬೋಸಯ್ಯ ಈ ಕಥೆಗೆ ಎರಡು ಫಿರಂಗಿ, ಒಂದು ಹುಲಿ ಸೇರಿಸುತ್ತಿದ್ದ. ಒಂದು ಕಥೆ ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ. ಅದು ನನಗೂ ಆಮೇಲೆ ತಿಳಿಯಿತು.

ಈಗ ನನ್ನ ಪಾಪದ ವಿಷಯಕ್ಕೆ ಬರುತ್ತೇನೆ. ಪಲ್ಟಣ ಬರ್ಮಾದಿಂದ ಬಳ್ಳಾರಿಗೆ ಬಂದಿಳಿದದ್ದು ನಾನು ಬರುವುದಕ್ಕಿಂತ ಎರಡು ತಿಂಗಳ ಮೊದಲು. ಬೋಸಯ್ಯನ ಊರು ಕರೇಕಲ್ಲಹಟ್ಟಿ ಬಳ್ಳಾರಿಯಿಂದ ಎರಡು ದಿನದ ದಾರಿ. ಅಲ್ಲಿ ತಾಯಿ ಇದ್ದಳು, ಹೆಂಡತಿ ಕಾಟಮ್ಮ ಇದ್ದಳು. ರಜೆ ಕೊಡುತ್ತೇವೆ, ಹೋಗಿ ಬಾ ಎಂದರು. ಇವನು ಹೋಗಲಿಲ್ಲ. "ಪದಕ ಬರ್ತಾವಂತೆ. ಬರಿ ಎದೆ ಇಟ್ಕಂಡು ಹಟ್ಟಿಗೆ ಹೋಗಾದಾ? ಬರ್ಲಿ, ಹಾಕ್ಕಂಡೇ ಹೋಗ್ತೀನಿ" ಅಂದ. ನನಗಾಗಿ ಎರಡು ತಿಂಗಳು ಕಾದ ಆ ಮನುಷ್ಯ. ಈ ಮಾತು ನೆನಪಾದಾಗಲೆಲ್ಲ ನನಗೆ ಇದ್ದಲ್ಲಿ ಇರಲಾಗುವುದಿಲ್ಲ.

ನಾನು ಅವನ ಎದೆಗೇರಿದ ಮೂರನೆಯ ದಿನ ಹೊರಟ. ಹಟ್ಟಿಯ ಹತ್ತಿರದ ಕೆರೆಯಲ್ಲಿ ಸ್ನಾನ ಮಾಡಿ, ಹುಣಸೆಹಣ್ಣು ಹಾಕಿ ನನ್ನನ್ನು ತಿಕ್ಕಿ, ಕೆಂಪು ಕೋಟಿನ ಮೇಲೆ ಚುಚ್ಚಿಕೊಂಡು ನಡು ಬಿಸಿಲಲ್ಲಿ ಹಟ್ಟಿಯ ಬೇಲಿ ದಾಟಿದ. ಅವನ ದೊಡ್ಡಮ್ಮ ಸಗಣಿ ಬುಟ್ಟಿ ಹೊತ್ತು ಎದುರಾದಳು. ಇವನನ್ನು ನೋಡಿ ಬುಟ್ಟಿ ಎತ್ತಿಹಾಕಿ ಕಿರುಚುತ್ತಾ ಓಡಿದಳು. ಖುಷಿಗೆ ಓಡಿದಳು ಎಂದು ತಿಳಿದು ಬೋಸಯ್ಯ ಮೀಸೆ ತೀಡಿಕೊಂಡ. ನಾನೂ ಹೊಳೆದೆ. ಹಟ್ಟಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕೊನೆಗೆ ಅವನ ಗುಡಿಸಲಿನ ಬಾಗಿಲಲ್ಲಿ ಕಾಟಮ್ಮ ಕಾಣಿಸಿದಳು. ಬೋಳು ಹಣೆ, ಬೋಳು ಕೈ, ಬೋಳು ಕತ್ತು. ಅವಳು ಕೂಗಲಿಲ್ಲ, ಓಡಲಿಲ್ಲ. ಬಾಗಿಲ ಕಂಬ ಹಿಡಿದುಕೊಂಡು ನೋಡುತ್ತಾ ನಿಂತಳು. ನನ್ನ ಕೆಳಗೆ ಬೋಸಯ್ಯನ ಎದೆ ಬಡಿದುಕೊಂಡ ರಭಸಕ್ಕೆ ನಾನು ಗಿರ್ರನೆ ತಿರುಗಿಬಿಟ್ಟೆ.

ಹಟ್ಟಿಯ ಯಜಮಾನ ಸೂರಪ್ಪನಾಯ್ಕ ಕೋಲೂರಿಕೊಂಡು ಬಂದ. ಹತ್ತು ಮಾರು ದೂರದಲ್ಲೇ ನಿಂತ.

"ಅಲ್ಲೇ ನಿಂದ್ರಪ್ಪಾ. ನೀನು ಯಾರು ಅಂತ ನಮಗೆ ಗುರ್ತು ಐತೆ. ಆದ್ರೆ ಅವನಿಗೆ ಮಣ್ಣು ಮಾಡಿ ಇವತ್ತಿಗೆ ಹನ್ನೊಂದು ದಿನ ಆತು."

ಆದದ್ದು ಹೀಗೆ. ಪಕ್ಕದ ಊರಿನ ಹುಸೇನ್ ಸಾಬ ಅದೇ ಪಲ್ಟಣದ ಸಿಪಾಯಿ. ಬರ್ಮಾದಲ್ಲಿ ಕಾಲು ಕಳೆದುಕೊಂಡು, ಒಂದು ವರ್ಷಕ್ಕಿಂತ ಹೆಚ್ಚು ಮದ್ರಾಸಿನ ಆಸ್ಪತ್ರೆಯಲ್ಲಿ ಬಿದ್ದಿದ್ದು, ಊರುಗೋಲಿನ ಮೇಲೆ ನೇರ ಊರಿಗೆ ಬಂದಿದ್ದ. ಬರ್ಮಾದಲ್ಲಿ ಬೋಸಯ್ಯನನ್ನು ಡೋಲಿಯಲ್ಲಿ ಹೊತ್ತೊಯ್ಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಮುಖದ ಮೇಲೆ ಬಟ್ಟೆ ಎಳೆದಿತ್ತು. ಗೆಳೆಯ ಸತ್ತ ಎಂದು ಅತ್ತು, ಅವನ ಹಿತ್ತಾಳೆ ಚೊಂಬನ್ನು ಗಂಟಿನಲ್ಲಿ ಕಟ್ಟಿಕೊಂಡು, ಅಷ್ಟು ದಿನ ಜೋಪಾನ ಮಾಡಿ, ತಂದು ತಾಯಿಯ ಕೈಗೆ ಇಟ್ಟ. ಹೆಣವಿಲ್ಲದ್ದಕ್ಕೆ ಆ ಚೊಂಬನ್ನೇ ಹೂಳಿದರು. ಕಾಟಮ್ಮನ ಬಳೆ ಒಡೆದರು, ತಾಳಿ ತೆಗೆದು ಹಾಲಿನ ಬಟ್ಟಲಿಗೆ ಹಾಕಿದರು.

ಮರುದಿನ ಕಟ್ಟೆಮನೆಯಲ್ಲಿ, ಅಂದರೆ ಹಿರಿಯರು ನ್ಯಾಯ ಮಾಡುವ ಕಟ್ಟೆಯ ಹತ್ತಿರ, ಎಲ್ಲ ಸೇರಿದರು. ಹುಸೇನ್ ಸಾಬನೂ ಬಂದ. ಬೋಸಯ್ಯನನ್ನು ಕಂಡು ಅವನ ಕೈಯ ಊರುಗೋಲು ಬಿದ್ದು ಹೋಯಿತು.

"ಯಾ ಅಲ್ಲಾ! ಡೋಲಿಯಾಗೆ ಮಕದ ಮ್ಯಾಲೆ ಬಟ್ಟೆ ಇತ್ತಲ್ಲೋ ದೋಸ್ತ!"

"ನೊಣ ಮುತ್ತುತ್ತಾವೆ ಅಂತ ಹೊದಿಸಿದ್ರು ಕಣೋ ಸಾಬಣ್ಣಾ!" ಎಂದು ಬೋಸಯ್ಯ ಗಹಗಹಿಸಿ ನಕ್ಕ. ಬೇರೆ ಯಾರೂ ನಗಲಿಲ್ಲ. ಹುಸೇನ್ ಸಾಬ ಹಣೆ ಹಣೆ ಚಚ್ಚಿಕೊಂಡು ಅತ್ತ.

ಸೂರಪ್ಪನಾಯ್ಕ ಕೆಟ್ಟವನಲ್ಲ. ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದ. "ನೋಡಪ್ಪಾ, ಬೋಸಯ್ಯ ಅನ್ನೋ ಹೆಸರನ್ನ ಮೂರು ಕಿತ ಕೂಗಿ ಹಿರಿಯರಿಗೆ ಒಪ್ಪಿಸೀವಿ. ಒಪ್ಪಿಸಿದ ಹೆಸರನ್ನ ವಾಪಸ್ ಇಸ್ಕಣಾಕೆ ಬರಾದಿಲ್ಲ. ನೀನು ತಿರುಗಿ ಹುಟ್ಟಬೇಕು. ತಾಯಿ ಮಡ್ಲಾಗೆ ಮಲ್ಗು, ಹಾಲು ಕುಡಿ, ತೊಟ್ಲು ತೂಗ್ತೀವಿ, ಬೇರೆ ಹೆಸರಿಡ್ತೀವಿ. ಆಮ್ಯಾಲೆ ನಿನ್ನ ಹೆಂಡ್ತಿಗೆ ನೀನೇ ತಿರುಗಿ ತಾಳಿ ಕಟ್ಟು. ಮೂರೇ ದಿನದ ಕೆಲ್ಸ. ನಮ್ಮ ತಾತನ ಕಾಲದಾಗೂ ಒಬ್ಬ ಹಿಂಗೇ ಹುಟ್ಟಿ ನಾಕು ಮಕ್ಳು ಮಾಡ್ದ."

ಜನ ಸಮಾಧಾನದ ಉಸಿರು ಬಿಟ್ಟರು. ತಾಯಿಯಂತೂ ಆಗಲೇ ಸೆರಗು ಹಾಸಲು ಸಿದ್ಧಳಾಗಿದ್ದಳು. ಬೋಸಯ್ಯನೂ ತಲೆ ಆಡಿಸುತ್ತಿದ್ದ. 'ಬೇರೆ ಹೆಸರು' ಎನ್ನುವ ಮಾತು ಅವನ ತಲೆಗೆ ಸ್ವಲ್ಪ ತಡವಾಗಿ ಹೊಕ್ಕಿತು. ಅವನ ಕೈ ನನ್ನ ಮೇಲೆ ಬಂತು.

"ಹೆಸರು ಬಿಡಾಕಾಗಲ್ಲ. ರಾಣಿ ಬೆಳ್ಳಿ ಮ್ಯಾಲೆ ಬರೆಸಿ ಕೊಟ್ಟವ್ಳೆ. ಇದ್ರ ಸಲುವಾಗಿ ಸತ್ತು ಬದುಕಿ ಬಂದೀನಿ. ಬೋಸಯ್ಯ ನಾನಲ್ಲ ಅಂದ್ರೆ ಬರ್ಮಾಕ್ಕೆ ಹೋದೋನು ಯಾವನು?"

ಎಷ್ಟು ಹೇಳಿದರೂ ಕೇಳಲಿಲ್ಲ. ಆಗ ನನಗೆ ಏನನಿಸಿತು ಗೊತ್ತೇ? ಭಲೇ ಅನಿಸಿತು! ನನ್ನನ್ನು ಬಿಟ್ಟುಕೊಡಲಿಲ್ಲ ಎಂದು ಹಿಗ್ಗಿ ಹೋದೆ. ಬೆಳ್ಳಿಯ ಬುದ್ಧಿ ಅಷ್ಟೇ ಇರುತ್ತದೆ.

ಕೊನೆಗೆ ಸೂರಪ್ಪನಾಯ್ಕ ಗಡುವು ಹಾಕಿದ. ಮಾರ್ನಮಿ ಅಮಾವಾಸ್ಯೆಗೆ ಹೊಸದಾಗಿ ಸತ್ತವರಿಗೆ ಮೊದಲ ಎಡೆ ಇಡುತ್ತಾರೆ. ಅದರೊಳಗೆ ಹುಟ್ಟಿದರೆ ಸರಿ. ಎಡೆ ಇಟ್ಟ ಮೇಲೆ ಕಾಟಮ್ಮನ ಋಣ ಹರಿಯಿತು, ಅವಳನ್ನು ಬೇರೊಬ್ಬನಿಗೆ ಕೂಡಿಕೆ, ಅಂದರೆ ಮರುಮದುವೆ, ಮಾಡಿ ಕೊಡಬಹುದು. ಪಕ್ಕದ ಹಟ್ಟಿಯ ಬೊಮ್ಮಲಿಂಗ, ಹೆಂಡತಿ ಸತ್ತವನು, ಆಗಲೇ ವಿಚಾರಿಸಿದ್ದ.

ಬೋಸಯ್ಯ ಹಟ್ಟಿಯ ಹೊರಗಿನ ಮಂಟಪದಲ್ಲಿ ಇಳಿದುಕೊಂಡ. ಸತ್ತವನ ಹೆಸರು ಹಿಡಿದು ಯಾರೂ ಕೂಗುವಂತಿಲ್ಲ, ಹೊಸ ಹೆಸರು ಇನ್ನೂ ಇಲ್ಲ. ತಾಯಿ ಮುದ್ದೆ ತಂದಿಟ್ಟು, ಬಾಯಿ ತೆರೆದು, ಏನೆಂದು ಕರೆಯಬೇಕೆಂದು ತಿಳಿಯದೆ ಹಾಗೇ ಹೋಗುತ್ತಿದ್ದಳು. ನಾಲ್ಕನೆಯ ದಿನ ಕಾಟಮ್ಮ ನೀರಿನ ಕೊಡ ಹೊತ್ತು ಬಂದವಳು ಮಂಟಪದ ಮುಂದೆ ಕೊಡ ಇಳಿಸಿದಳು.

"ಎರಡು ತಿಂಗ್ಳು ಬಳ್ಳಾರಿಯಾಗೆ ಇದ್ದೆಯಂತೆ."

ಅವನು ಎದ್ದು ನಿಂತ.

"ಎರಡು ದಿನದ ದಾರಿ. ಹನ್ನೆರಡು ದಿನ ಮುಂಚೆ ಬಂದಿದ್ರೆ ನನ್ನ ಬಳೆ ಕೈಯಾಗೇ ಇರ್ತಿದ್ವು. ನನ್ನ ಹಿಡ್ಕಂಡು ಕೂರಿಸಿ ಕಲ್ಲಾಗೆ ಒಡೆದ್ರು. ಗಾಯ ನೋಡಿಲ್ಲಿ, ಇನ್ನೂ ಮಾದಿಲ್ಲ. ಆವತ್ತು ನೀನು ಈ ಬಿಲ್ಲೆ ಬರ್ಲಿ ಅಂತ ಕಾಯ್ತಾ ಕುಂತಿದ್ದೆ!"

"ಕಾಟೀ, ನಿನಗೆ ತೋರಿಸಾನ ಅಂತ..."

"ನನಗೆ ತೋರಿಸಾಕೆ? ಮೂರು ವರ್ಷ ನಿನ್ನ ಮಕ ನೋಡಾಕೆ ಬಾಯಿ ಬಾಯಿ ಬಿಟ್ಟೆನೇ ಹೊರ್ತು ಬೆಳ್ಳಿ ನೋಡಾಕಲ್ಲ. ಈಗ ಮೂರು ದಿನ ಕೂಸಾಗು ಅಂದ್ರೆ ನಿನಗೆ ನಾಚ್ಕೆ. ಅದೇ ನಿನ್ನ ಹೆಂಡ್ತಿ ಕಣೋ. ಹೋಗು, ಅದ್ನೇ ಕಟ್ಕಂಡು ಬಾಳ್ವೆ ಮಾಡು."

ಕೊಡ ಎತ್ತಿಕೊಂಡು ಹೋದಳು. ಅವಳು ಬೆರಳು ತೋರಿಸಿದ್ದು ನನ್ನ ಕಡೆಗೆ. ಹುಟ್ಟಿದ ಮೇಲೆ ಮೊದಲ ಸಲ ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಬೆನ್ನು ತಿರುಗಿಸಿದೆ.

ರಜೆ ಮುಗಿದು ಬಳ್ಳಾರಿಗೆ ಬಂದೆವು. ಅವನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ನನ್ನನ್ನು ಬಿಚ್ಚಿ ಪೆಟ್ಟಿಗೆಗೆ ಹಾಕುವನು, ತಾಸು ಕಳೆಯುವ ಮೊದಲೇ ತೆಗೆದು ಅಂಚು ತಡವುವನು, ಮತ್ತೆ ಎಸೆಯುವನು. ಬೆಳಗಿನ ಹಾಜರಿಯಲ್ಲಿ ಹವಾಲ್ದಾರ 'ಬೋಸಯ್ಯ' ಎಂದು ಕೂಗಿದರೆ, ಯಾರನ್ನೋ ಕರೆದರೇನೋ ಎನ್ನುವ ಹಾಗೆ ಅತ್ತ ಇತ್ತ ನೋಡಿ, ಆಮೇಲೆ ಹಾಜರ್ ಎನ್ನುವನು. ಹೊಟ್ಟೆಯಲ್ಲಿ ಗುಲ್ಮ ಊದಿದೆ, ಇನ್ನು ಪಲ್ಟಣಕ್ಕೆ ಲಾಯಕ್ಕಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಬಿಡುಗಡೆಯ ಕಾಗದ ಕೈಗೆ ಬಂದ ಮೇಲೂ ಅವನು ಊರಿನ ದಾರಿ ಹಿಡಿಯಲಿಲ್ಲ. ಕೋಟೆಯ ಬಾಗಿಲ ಹತ್ತಿರದ ಛತ್ರದಲ್ಲಿ ಇದ್ದುಕೊಂಡು ದಿನವೆಲ್ಲ ಬೀದಿ ಅಳೆಯುತ್ತಿದ್ದ.

ಅಮಾವಾಸ್ಯೆಗೆ ಎಂಟು ದಿನ ಇರುವಾಗ ಹುಸೇನ್ ಸಾಬ ಗಾಡಿಯಲ್ಲಿ ಬಂದ. ಊರುಗೋಲು ಊರುತ್ತಾ ಛತ್ರಗಳನ್ನೆಲ್ಲ ಹುಡುಕಿ ಇವನ ಮುಂದೆ ನಿಂತ. ಮೈಯೆಲ್ಲ ದೂಳು.

"ಬೊಮ್ಮಲಿಂಗನ ಕಡೇರು ಕೂಡಿಕೆ ಸೀರೆ ತಂದಿಟ್ಟು ಹೋದ್ರು."

"ಅವಳು ಏನಂದ್ಲು?"

"ಸೀರೆ ಮುಟ್ಟಿಲ್ಲ. ಬ್ಯಾಡ ಅಂತಾನೂ ಅಂದಿಲ್ಲ." ಹುಸೇನ್ ಸಾಬ ಊರುಗೋಲನ್ನು ಗೋಡೆಗೆ ಒರಗಿಸಿ ಕೂತ. "ನಿನ್ನನ್ನ ಸಾಯಿಸಿದ ಪಾಪ ನಂದು ಕಣೋ. ಒಂದು ಸರ್ತಿ ನಾನು ಸಾಯಿಸೀನಿ. ಎರಡ್ನೇ ಸರ್ತಿ ನೀನೇ ಸಾಯಬ್ಯಾಡ್ವೋ."

ಅದೇ ಗಾಡಿಯಲ್ಲಿ ಹೊರಟರು. ದಾರಿಯಲ್ಲಿ ರಾಯದುರ್ಗದ ಪೇಟೆಯಲ್ಲಿ ಗಾಡಿ ನಿಲ್ಲಿಸಿ, ಬೋಸಯ್ಯ ಒಬ್ಬನೇ ಕಾಳಾಚಾರಿ ಎನ್ನುವ ಅಕ್ಕಸಾಲಿಗನ ಅಂಗಡಿಗೆ ಹೋದ. ನನ್ನನ್ನು ಅವನ ಮುಂದಿನ ಚರ್ಮದ ಹಾಸಿನ ಮೇಲೆ ಇಟ್ಟ. ಆಚಾರಿ ನನ್ನನ್ನು ತಿರುಗಿಸಿ ನೋಡಿದ.

"ಒಳ್ಳೆ ಬೆಳ್ಳಿ. ಕರಗಿಸ್ಲಾ?"

"ಬ್ಯಾಡ ಆಚಾರ್ರೇ. ಅಂಚಿನಾಗಿರೋ ಅಕ್ಷರ ಅಷ್ಟೇ ತೆಗೀರಿ."

"ಹೆಸರಲ್ವಾ ಇದು? ಯಾರಾದ್ರೂ ತೆಗೆಸ್ತಾರೇನಪ್ಪಾ?"

ಬೋಸಯ್ಯ ಕುಕ್ಕರಗಾಲಿನಲ್ಲಿ ಕೂತ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಗುರುತೇ ಇಲ್ಲದ ಆ ಆಚಾರಿಯ ಮುಂದೆ ಹೇಳಿದ. ಬರ್ಮಾದ ಒಂದು ಊರು. ಬಂಡಾಯದವರಿಗೆ ಅಕ್ಕಿ ಕೊಟ್ಟರೆಂದು ಆ ಊರಿಗೆ ಬೆಂಕಿ ಇಡಲು ಹುಕುಂ ಆಯಿತು. ಬಿದಿರಿನ ಮನೆಗಳು, ಪಟಪಟನೆ ಹತ್ತಿಕೊಂಡವು. ಇವನು ಕೊಳ್ಳಿ ಹಿಡಿದ ಮನೆಯ ಮುಂದೆ ಒಬ್ಬ ಮುದುಕಿ ಕೂತು ಒಂದೇ ಮಾತನ್ನು ಕೂಗುತ್ತಿದ್ದಳು. ನಿಲ್ಲಿಸಲೇ ಇಲ್ಲ. ಏನು ಬೈಯುತ್ತಿದ್ದಾಳೆ ಎಂದು ದುಬಾಷಿಯನ್ನು ಕೇಳಿದ. ಬೈಗುಳ ಅಲ್ಲ ಕಣಯ್ಯ, ಮಗನ ಹೆಸರು ಅಂತೆ ಎಂದು ಅವನು ಹೇಳಿದ.

"ಆ ಮಗ ಒಳಗಿದ್ನೋ, ಕಾಡಿಗೆ ಓಡಿದ್ನೋ, ನನಗೆ ಗೊತ್ತಿಲ್ಲ ಆಚಾರ್ರೇ. ನಾವು ಮುಂದಕ್ಕೆ ನಡೆದ್ವಿ. ನಮ್ಮವ್ವ ಮಂಟಪದ ಮುಂದೆ ಬಾಯಿ ತೆರೆದು ಸುಮ್ನೆ ನಿಂತ್ಕಂಡಾಗ ಆ ಮುದುಕಿ ನೆನಪಾದ್ಲು. ಅವಳಿಗೆ ಕೂಗಾಕೆ ಹೆಸರಾದ್ರೂ ಇತ್ತು. ಆ ಕೆಲ್ಸಕ್ಕೆ ಅಂತ ಕೊಟ್ಟ ಬಿಲ್ಲೆ ಇದು. ಇದ್ರ ಮ್ಯಾಲಿನ ಹೆಸರು ಹಿಡ್ಕಂಡು ಏನ್ ಮಾಡ್ಲಿ? ತೆಗೀರಿ. ಹೋಗಿದ್ದು ನಿಜ, ಬಂದಿದ್ದು ನಿಜ. ಮಿಕ್ಕಿದ್ದು ಇರ್ಲಿ."

ಕಾಳಾಚಾರಿ ಅರ ಎತ್ತಿಕೊಂಡ. ಟಂಕಸಾಲೆಯ ಏಟು ಒಂದು ಕ್ಷಣದ್ದು. ಇದು ಹಾಗಲ್ಲ, ಒಂದೊಂದೇ ಅಕ್ಷರ, ಕರಕರ ಕರಕರ. ಮೊದಲು ನಂಬರು ಹೋಯಿತು. ಆಮೇಲೆ ಸಿಪಾಯಿ ಹೋದ. ಬೋಸಯ್ಯನ ಹೆಸರಿಗೆ ಬಂದಾಗ ಇವನು ಮುಖ ಅತ್ತ ತಿರುಗಿಸಿದ. ನಾನು ಬೇಡಿಕೊಂಡೆ, ಬೈದೆ, ತಿರುಗಲು ನೋಡಿದೆ. ಆಚಾರಿ ನನ್ನನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದಿದ್ದ. ಹಾಸಿನ ಮೇಲೆ ಬಿದ್ದ ಬೆಳ್ಳಿಯ ಪುಡಿ ಅಕ್ಕಸಾಲಿಗನ ಪಾಲು, ಅದು ಅವರ ವಾಡಿಕೆ. ಯಾರ ಕಾಲುಂಗುರಕ್ಕೆ ಸೇರಿತೋ ನನಗೆ ತಿಳಿಯದು. ಅಂಗಡಿಯಿಂದ ಹೊರಗೆ ಬರುವಾಗ ನಾನು ನುಣ್ಣಗಾಗಿದ್ದೆ, ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಹಟ್ಟಿಯಲ್ಲಿ ಅವನು ಹುಟ್ಟಿದ್ದನ್ನು ನೋಡಬೇಕಿತ್ತು ನೀವು. ಹುಟ್ಟಿದ ಕೂಸಿಗೆ ಮೀಸೆ ಎಲ್ಲಿಂದ ಬರಬೇಕು ಎಂದು ಗಿರಿಜಾಮೀಸೆ ಬೋಳಿಸಿದರು. ತಾಯಿಯ ಮಡಿಲಲ್ಲಿ ತಲೆ ಇಟ್ಟು ಮಲಗಿಸಿ ಸೆರಗು ಮುಚ್ಚಿ ಮೂರು ಗುಟುಕು ಹಾಲು ಕುಡಿಸಿದರು. ಎರಡು ಕಂಬಳಿ ಸೇರಿಸಿ ಜೋಲಿ ಕಟ್ಟಿದರು. ಆರಡಿ ಆಳು ಮೊಣಕಾಲು ಮಡಚಿಕೊಂಡು ಅದರೊಳಗೆ ಮುದುರಿದ. ಹೆಂಗಸರು ಜೋಗುಳ ಹಾಡುತ್ತಾ ತೂಗಿದರು.

"ಅಯ್ಯೋ, ಕೂಸಿಗೆ ಆಗ್ಲೇ ಹಲ್ಲು ಬಂದಾವೆ ಕಣ್ರೇ!" ಎಂದಳು ಸಗಣಿ ಬುಟ್ಟಿಯ ದೊಡ್ಡಮ್ಮ.

"ಹಲ್ಲೇನು, ಗೊರಕೆನೂ ಹೊಡೀತೈತೆ!"

ಕೂಸಿಗೆ ಆಟಕ್ಕೆ ಬೇಕೆಂದು ನನ್ನನ್ನು ಜೋಲಿಯ ಮೇಲೆ ತೂಗುಹಾಕಿದರು. ರಾಣಿಯ ಕೈಯ ಪದಕ ಗಿಲಕಿಯಾಯಿತು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಮೇಲಿಂದ ನೋಡುತ್ತಿದ್ದವನಿಗೆ ಒಂದು ಕಾಣಿಸಿತು. ಗೋಡೆಗೆ ಒರಗಿ ನಿಂತಿದ್ದ ಕಾಟಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ತಾಯಿ ಅವನ ಕಿವಿಯಲ್ಲಿ 'ತಿಪ್ಪಯ್ಯ' ಎಂದು ಹೆಸರಿಟ್ಟಳು. ಮೊದಲ ಮಗು ಉಳಿಯದಿದ್ದರೆ ಎರಡನೆಯದು ಗಟ್ಟಿಯಾಗಿ ಉಳಿಯಲಿ ಎಂದು ಆ ಕಡೆ ಇಡುವ ಹೆಸರು ಅದು. ಆಮೇಲೆ ಆ ಮುದುಕಿ ಹಟ್ಟಿಯ ತುಂಬ ಕೇಳುವ ಹಾಗೆ ತಿಪ್ಪಯ್ಯಾ, ತಿಪ್ಪಯ್ಯಾ ಎಂದು ಅವತ್ತೆಲ್ಲ ಸುಮ್ಮ ಸುಮ್ಮನೆ ಕೂಗಿದಳು. ಮೂರನೆಯ ದಿನ ತಿಪ್ಪಯ್ಯ ಕಾಟಮ್ಮನಿಗೆ ತಾಳಿ ಕಟ್ಟಿದ. ಬೊಮ್ಮಲಿಂಗನ ಸೀರೆ ಮಡಿಕೆ ಬಿಚ್ಚದೆ ವಾಪಸ್ಸು ಹೋಯಿತು.

ಅಲ್ಲಿಂದ ಮೂವತ್ತು ವರ್ಷ ನಾನು ಹರಳು ಬೀಜದ ಗಡಿಗೆಯಲ್ಲಿ ಬಿದ್ದಿದ್ದೆ. ಅವನು ನನ್ನನ್ನು ಮತ್ತೆ ತೊಡಲಿಲ್ಲ. ಮಕ್ಕಳು ಯಾರದಪ್ಪಾ ಇದು ಎಂದು ಕೇಳಿದರೆ, "ನಮ್ಮಣ್ಣ ಬೋಸಯ್ಯಂದು. ಬರ್ಮಾದಾಗೆ ಸತ್ತ" ಎನ್ನುತ್ತಿದ್ದ. ಪ್ರತಿ ಮಾರ್ನಮಿ ಅಮಾವಾಸ್ಯೆಗೆ ಬೋಸಯ್ಯನಿಗೆ ಎಡೆ ಇಡುವವನು ತಿಪ್ಪಯ್ಯನೇ. ಕೈ ಮುಗಿದು, ಬಾಡಿನ ಎಲೆ ಮುಂದೆ ಸರಿಸಿ, "ತಗಳಪ್ಪಾ, ಉಣ್ಣು" ಎನ್ನುವಾಗ ಅವನ ದನಿ ಸಣ್ಣಗಾಗುತ್ತಿತ್ತು. ನೀನೇ ಕಣೋ ಅದು ಎಂದು ನಾನು ಗಡಿಗೆಯೊಳಗಿಂದ ಕೂಗುತ್ತಿದ್ದೆ. ಬೀಜಗಳು ಗಲಗಲ ಅನ್ನುತ್ತಿದ್ದವು, ಅಷ್ಟೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಕ್ಕಳ ಕೈ, ಮೊಮ್ಮಕ್ಕಳ ಕೈ, ಒಂದು ತಗಡಿನ ಡಬ್ಬಿ, ಬಳ್ಳಾರಿಯ ಒಬ್ಬ ಗುಜರಿಯವನು. ಈಗ ಬೆಂಗಳೂರಿನಲ್ಲಿ ಹಳೆಯ ನಾಣ್ಯ, ಪದಕ ಕೂಡಿಸುವ ಒಬ್ಬ ಮಹಾಶಯನ ಮನೆಯಲ್ಲಿದ್ದೇನೆ. ಬಂದ ದಿನ ಅವನು ನನ್ನನ್ನು ದೀಪದ ಕೆಳಗೆ ಹಿಡಿದು, ಕಣ್ಣಿಗೆ ಭೂತಗನ್ನಡಿ ಇಟ್ಟು ಅಂಚು ನೋಡಿದ. "ಥತ್, ಹೆಸರು ಅರ ಹಾಕಿ ಅಳಿಸಿದ್ದಾರೆ. ಕದ್ದ ಮಾಲು. ಇದಕ್ಕೆ ಬೆಲೆಯಿಲ್ಲ" ಎಂದು ಕೆಳಗಿನ ಡ್ರಾಯರಿಗೆ ಹಾಕಿದ. ಅಲ್ಲಿ ಮೂತಿ ಸವೆದ ಕಾಸುಗಳು, ಬಟನ್ನುಗಳು ನನ್ನ ನೆರೆಹೊರೆ. ಯಾರಾದರೂ ಡ್ರಾಯರು ಎಳೆದರೆ ನಾನು ಹೊರಳುತ್ತೇನೆ. ಕದ್ದವರು ಯಾರೂ ಇಲ್ಲ ಸ್ವಾಮೀ ಎಂದು ಹೇಳಬೇಕೆನಿಸುತ್ತದೆ. ಅಂಚಿನಲ್ಲಿ ಹೆಸರಿದ್ದ ಪದಕಗಳು ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿವೆ. ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚು ಇದೆಯೇ? ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವುಗಳ ಒಡೆಯರು ಮನೆಗೆ ಹೋಗಿ ಮುಟ್ಟಿದರೇ ಎಂದು ಕೇಳಿದರೆ ಅರ್ಧಕ್ಕರ್ಧ ಪದಕಗಳು ಸುಮ್ಮನಾಗುತ್ತವೆ. ನನ್ನವನು ಮುಟ್ಟಿದ. ತಡವಾಗಿ ಮುಟ್ಟಿದ, ನನ್ನಿಂದ ತಡವಾಯಿತು, ಆದರೂ ಮುಟ್ಟಿದ.

ಓಡುವ ಅವಸರದಲ್ಲಿ ಒಂದು ದಿನವನ್ನು ಹಾರಿಸಿಬಿಟ್ಟೆ. ಅದನ್ನು ಹೇಳದೆ ಬಾಯಿ ಮುಚ್ಚಲಾರೆ.

ಊರೂರಿಗೇ ಜ್ವರ ಬಂದ ವರ್ಷ ತಿಪ್ಪಯ್ಯ ಸತ್ತ. ಹಟ್ಟಿಯ ಮುಂದೆ ಚಟ್ಟ ಕಟ್ಟಿದರು. ಸೂರಪ್ಪನಾಯ್ಕನ ಮಗ ಆಗ ಯಜಮಾನ. ಅವನು ಪದ್ಧತಿಯಂತೆ ಹಿರಿಯರ ದಿಕ್ಕಿಗೆ ಮುಖ ಮಾಡಿ "ತಿಪ್ಪಯ್ಯ" ಎಂದು ಮೂರು ಸಲ ಕೂಗಿ ಒಪ್ಪಿಸಿದ. ಹೊರುವವರು ಬಗ್ಗಿದರು. ಆಗ ಕಾಟಮ್ಮ, ತಡೀರಿ ಎಂದಳು. ಗಡಿಗೆಗೆ ಕೈ ಹಾಕಿ ನನ್ನನ್ನು ತೆಗೆದಳು. ಆ ಮೂವತ್ತು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನನ್ನನ್ನು ಮುಷ್ಟಿಯಲ್ಲಿ ಹಿಡಿದು, ಮುಖ ಎತ್ತಿ ಕೂಗಿದಳು.

"ಬೋಸಯ್ಯಾ!"

ಬಗ್ಗಿದ್ದ ಹೊರುವವರು ನೆಟ್ಟಗಾದರು. ಹೆಂಡತಿ ಗಂಡನ ಹೆಸರು ಹಿಡಿದು ಕೂಗುವುದನ್ನು ಆ ಹಟ್ಟಿ ಕೇಳಿರಲಿಲ್ಲ. ಸತ್ತವನನ್ನು ಎರಡು ಸಲ ಒಪ್ಪಿಸುವುದನ್ನೂ ಕಂಡಿರಲಿಲ್ಲ. ಅವಳು ಮತ್ತೆ ಕೂಗಿದಳು, ಮತ್ತೆ ಕೂಗಿದಳು. ಲೆಕ್ಕಕ್ಕೆ ಮೂರಾಯಿತು.

"ಏನವ್ವಾ ಇದು, ಇವನು ತಿಪ್ಪಯ್ಯ ಅಲ್ವಾ?" ಎಂದ ಯಜಮಾನ.

"ಹೌದಪ್ಪಾ. ಆದ್ರೆ ಅಲ್ಲಿ ಹಿರಿಯರ ಸಾಲಾಗೆ ಮೂವತ್ತು ವರ್ಷದಿಂದ ಒಂದು ಹೆಸರು ಒಂಟಿಯಾಗಿ ಕುಂತೈತೆ. ಅದ್ರ ಆಳು ಇಲ್ಲಿದ್ದ, ನನ್ನತ್ರ. ಈಗ ಬತ್ತಾ ಅವ್ನೆ. ಗುರ್ತು ಸಿಗ್ದೆ ಅಲ್ಲೂ ಬಾಗ್ಲು ಹಾಕ್ಕಂಡ್ರೆ? ಇಬ್ರೂ ಒಬ್ನೇ ಅಂತ ಯಾರಾದ್ರೂ ಯೋಳಬ್ಯಾಡ್ವಾ?"

 ಯಜಮಾನನೂ ಅವಳ ಪಕ್ಕಕ್ಕೆ ಬಂದು ನಿಂತು, ಆ ಹೆಸರನ್ನು ಒಮ್ಮೆ ಕೂಗಿದ. ಹೊರುವವರು ಚಟ್ಟ ಎತ್ತಿದರು.